ಮೂವತ್ತು ಲೈಕ್ ಬಂದರೂ ಪ್ರಸ್ತಾವ ನಿಂತಲ್ಲೇ ನಿಂತಿದೆ, ಮತಕ್ಕೆ ಹಾಕಲೇ?

ಪ್ರಶ್ನೆ: ಕನ್ನಡ ಪಠ್ಯವನ್ನು ಸಂಸ್ಕರಿಸುವ ಒಂದು ಓಪನ್ ಸೋರ್ಸ್ ಪೈಥಾನ್ ಲೈಬ್ರರಿಗೆ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು) ಕೆಲವು ವರ್ಷಗಳಿಂದ ಕೋಡ್ ಬರೆಯುತ್ತಿದ್ದೇನೆ. ಬಂದ ಕೋಡನ್ನು ಮೂಲಕ್ಕೆ ಸೇರಿಸುವ, ಅಂದರೆ ಮರ್ಜ್ ಮಾಡುವ ಅಧಿಕಾರ ಲೈಬ್ರರಿಯನ್ನು ನೋಡಿಕೊಳ್ಳುವ ಇಬ್ಬರು ಮೇಂಟೇನರ್‌ಗಳಿಗೆ ಮಾತ್ರ. ಆಗಾಗ ಕೋಡ್ ಕಳಿಸುವವರು ಹದಿನೈದು ಜನ. ಅವರಲ್ಲಿ ಐದಾರು ಮಂದಿ ಬೆಂಗಳೂರಿನಲ್ಲೇ ಇದ್ದು ತಿಂಗಳಿಗೊಮ್ಮೆ ಸೇರುತ್ತೇವೆ. ಒಂದೇ ಪದವನ್ನು ಬೇರೆ ಬೇರೆ ಕೀಬೋರ್ಡ್‌ನಲ್ಲಿ ಟೈಪಿಸಿದಾಗ ಒಳಗಿನ ಕೋಡ್ ಬೇರೆಯಾಗಿ ಹುಡುಕಾಟ ತಪ್ಪುತ್ತದೆ. ಹಾಗಾಗಿ ಬರುವ ಪಠ್ಯವನ್ನೆಲ್ಲ ಡೀಫಾಲ್ಟ್ ಆಗಿ ಒಂದೇ ರೂಪಕ್ಕೆ ತಂದು, ಅಕ್ಷರಗಳು ಕೂಡುವ ರೀತಿಯನ್ನು ಹೇಳುವ, ಕಣ್ಣಿಗೆ ಕಾಣದ ಜಾಯ್ನರ್‌ಗಳನ್ನು ತೆಗೆದುಹಾಕುವಂತೆ 3,800 ಸಾಲಿನ ಪುಲ್ ರಿಕ್ವೆಸ್ಟ್ (ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದೆ. ಎರಡು ತಿಂಗಳಾಯಿತು. ಮೂವತ್ತು ಜನ ಲೈಕ್ ಒತ್ತಿದ್ದಾರೆ. ಒಬ್ಬ ಮೇಂಟೇನರ್ ‘ತುಂಬಾ ದೊಡ್ಡದಾಯಿತು’ ಎಂದಷ್ಟೇ ಬರೆದು ಸುಮ್ಮನಾದರು. ಧಾರವಾಡದಲ್ಲಿ ನಿಘಂಟಿನ ಕೆಲಸ ಮಾಡುವ ಹಿರಿಯರೊಬ್ಬರು ‘ಇದರಿಂದ ನಮ್ಮ ಡೇಟಾ ಹಾಳಾಗುತ್ತದೆ’ ಎಂದು ವಿರೋಧಿಸಿದರು. ಇಲ್ಲಿನ ಗೆಳೆಯರು ‘ಮತಕ್ಕೆ ಹಾಕು, ಆಗದಿದ್ದರೆ ಫೋರ್ಕ್ ಮಾಡು (ಕೋಡಿನ ಪ್ರತಿ ತೆಗೆದು ಬೇರೆ ಪ್ರಾಜೆಕ್ಟಾಗಿ ನಡೆಸು)’ ಎನ್ನುತ್ತಿದ್ದಾರೆ. ಏನು ಮಾಡಲಿ?
ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಸದ್ಯಕ್ಕೆ ಎರಡೂ ಬೇಡ.

ನಿಮ್ಮ ಪತ್ರದಲ್ಲಿ ಎರಡು ಸಂಕಟಗಳು ಬೆರೆತಿವೆ. ಎಲ್ಲರಿಗೂ ಬೇಕಾದದ್ದು ಒಬ್ಬರ ಅಡ್ಡಗಾಲಿನಿಂದ ನಿಂತಿದೆ ಎಂಬ ಬೇಸರ ಒಂದು. ಯಾರು, ಯಾವಾಗ, ಯಾವ ಆಧಾರದ ಮೇಲೆ ತೀರ್ಮಾನ ಹೇಳುತ್ತಾರೆ ಎಂಬುದೇ ಗೊತ್ತಿಲ್ಲದ ಅಯೋಮಯ ಇನ್ನೊಂದು. ಮೊದಲನೆಯದು ನೀವು ಅಂದುಕೊಂಡಷ್ಟು ನಿಜವಲ್ಲ. ಎರಡನೆಯದು ಪೂರ್ತಿ ನಿಜ, ಆದರೆ ನಿಮ್ಮ ಕೈಯಲ್ಲೇ ಸರಿಹೋಗುವಂಥದ್ದು.

ಲೈಕ್‌ಗಳ ವಿಷಯ ಮೊದಲು. ಲೈಕ್ ಒತ್ತಿದ ಮೂವತ್ತು ಜನರಲ್ಲಿ ಈ ಲೈಬ್ರರಿಯ ಮೇಲೆ ತಮ್ಮ ಕೆಲಸ ನಿಲ್ಲಿಸಿಕೊಂಡಿರುವವರು ಎಷ್ಟು ಮಂದಿ? ‘ಹುಡುಕಾಟ ಸರಿಹೋಗುತ್ತದೆ’ ಎಂಬ ಶೀರ್ಷಿಕೆ ನೋಡಿದರೆ ಯಾರೂ ಒತ್ತುತ್ತಾರೆ, ಅವರಿಗೆ ಅದರಲ್ಲಿ ಖರ್ಚಿಲ್ಲ. ವಿರೋಧಿಸಿದವರು ಒಬ್ಬರೇ ಇರಬಹುದು, ಆದರೆ ಖರ್ಚು ಬೀಳುವುದು ಅವರಿಗೆ. ಇಂಟರ್ನೆಟ್ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 2014ರಲ್ಲಿ ಆರ್‌ಎಫ್‌ಸಿ 7282 ಎಂಬ ದಾಖಲೆಯಲ್ಲಿ ಇದನ್ನೇ ಬಿಡಿಸಿ ಬರೆದಿದೆ: ನೂರು ಜನ ಪರ, ಐದು ಜನ ವಿರುದ್ಧ ಇದ್ದರೂ ಒಮ್ಮತ ಆಗಿಲ್ಲದೇ ಇರಬಹುದು, ಐದು ಜನ ಪರ, ನೂರು ಜನ ವಿರುದ್ಧ ಇದ್ದಾಗಲೂ ಒಮ್ಮತ ಆಗಿರಬಹುದು. ಅಲ್ಲಿ ತಲೆ ಎಣಿಸುವುದಿಲ್ಲ. ಎದ್ದ ಪ್ರತಿಯೊಂದು ತಾಂತ್ರಿಕ ಆಕ್ಷೇಪಕ್ಕೂ ಉತ್ತರ ಸಿಕ್ಕಿತೇ ಎಂದು ನೋಡುತ್ತಾರೆ. ಎಲ್ಲರೂ ಒಪ್ಪಬೇಕೆಂದೂ ಇಲ್ಲ. ಆಕ್ಷೇಪವನ್ನು ಕೂಲಂಕಷವಾಗಿ ಪರಿಶೀಲಿಸಿ, ‘ಇದರಿಂದ ಇಷ್ಟು ನಷ್ಟ, ಆದರೂ ಇಂಥ ಕಾರಣಕ್ಕೆ ಮುಂದೆ ಹೋಗುತ್ತಿದ್ದೇವೆ’ ಎಂದು ಬರೆದಿಟ್ಟರೆ ಅದೂ ಉತ್ತರವೇ.

ಮತದಾನದ ತೊಡಕು ಬೇರೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ ಯಾರಿಗೆ ಮತವಿದೆ ಎಂದು ಫ್ಲ್ಯಾಟ್‌ಗಳ ಪಟ್ಟಿ ಹೇಳುತ್ತದೆ. ನಿಮ್ಮ ಪ್ರಾಜೆಕ್ಟಿನಲ್ಲಿ ಅಂಥ ಪಟ್ಟಿಯೇ ಇಲ್ಲ. ಕೋಡ್ ಕಳಿಸಿದ ಹದಿನೈದು ಜನರಿಗೆ ಮತವೇ, ಲೈಕ್ ಒತ್ತಿದ ಮೂವತ್ತು ಜನರಿಗೂ ಇದೆಯೇ, ಒಂದು ಸಾಲು ಕೋಡೂ ಬರೆಯದೆ ಲೈಬ್ರರಿಯನ್ನು ದಿನವೂ ಬಳಸುವ ಧಾರವಾಡದವರಿಗೆ ಇಲ್ಲವೇ? ಜಗಳ ಎದ್ದ ಮೇಲೆ ಮತದಾರರ ಪಟ್ಟಿ ಮಾಡಲು ಹೊರಟರೆ ಅದೇ ಎರಡನೇ ಜಗಳ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹೊರತರುವ ಡೆಬಿಯನ್ ಪ್ರಾಜೆಕ್ಟಿಗೆ 1998ರಿಂದ ಲಿಖಿತ ಸಂವಿಧಾನವಿದೆ, ಮತ ಹಾಕುವ ಡೆವಲಪರ್‌ಗಳ ಪಟ್ಟಿಯಿದೆ, ಆಯ್ಕೆಗಳನ್ನು ಆದ್ಯತೆಯ ಕ್ರಮದಲ್ಲಿ ಗುರುತಿಸುವ ಪದ್ಧತಿಯಿದೆ. ಅಷ್ಟೆಲ್ಲ ಇದ್ದೂ 2014ರ ಫೆಬ್ರವರಿಯಲ್ಲಿ ಕಂಪ್ಯೂಟರ್ ಶುರುವಾದಾಗ ಉಳಿದ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಡೀಫಾಲ್ಟ್ ಆಗಬೇಕೇ ಎಂಬ ಪ್ರಶ್ನೆ ಎಂಟು ಜನರ ತಾಂತ್ರಿಕ ಸಮಿತಿಯ ಮುಂದೆ ಬಂದಾಗ ಮತ ಸಮಸಮವಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಇತ್ಯರ್ಥವಾಯಿತು. ತೀರ್ಮಾನವೇನೋ ಬಂತು. ಜಗಳ ಮುಗಿಯಲಿಲ್ಲ. ಒಂದು ಗುಂಪು ಡೆವುಆನ್ ಎಂಬ ಫೋರ್ಕ್ ಮಾಡಿಕೊಂಡು ಹೊರನಡೆಯಿತು, 2019ರಲ್ಲಿ ಅದೇ ವಿಷಯದ ಮೇಲೆ ಮತ್ತೆ ಎಲ್ಲ ಡೆವಲಪರ್‌ಗಳ ಮತದಾನ ನಡೆಯಿತು. ಮತದಾನ ಒಗ್ಗುವುದು ಯಾವುದು ಗೆದ್ದರೂ ಯಾರ ಕೆಲಸವೂ ಕೆಡದಂಥ ವಿಷಯಗಳಿಗೆ: ಫಂಕ್ಷನ್ನಿನ ಹೆಸರು, ಲೋಗೊ, ಮೀಟಿಂಗಿನ ಸಮಯ.

ಇನ್ನು ಮೌನ. ‘ಮೌನಂ ಸಮ್ಮತಿ ಲಕ್ಷಣಂ’ ಎನ್ನುವುದನ್ನು ಅಪಾಚೆ ಎಂಬ ಓಪನ್ ಸೋರ್ಸ್ ಸಂಸ್ಥೆಯ ಪ್ರಾಜೆಕ್ಟುಗಳು ಒಂದು ಪದ್ಧತಿಯಾಗಿಯೇ ನಡೆಸುತ್ತವೆ. ‘ಇದನ್ನು ಮಾಡಲಿದ್ದೇನೆ, 72 ಗಂಟೆಯೊಳಗೆ ಯಾರೂ ಬೇಡವೆನ್ನದಿದ್ದರೆ ಮುಂದುವರಿಯುತ್ತೇನೆ’ ಎಂದು ಹೇಳಿ ಕಾಯುತ್ತಾರೆ. ಆದರೆ ಅಲ್ಲಿ ಏನು ಮಾಡುತ್ತೇನೆಂಬುದು ಒಂದೆರಡು ಪ್ಯಾರಾದಲ್ಲಿ ಸ್ಪಷ್ಟವಾಗಿರುತ್ತದೆ, ಗಡುವಿರುತ್ತದೆ, ಸಂಬಂಧಪಟ್ಟವರಿಗೆ ತಲುಪಿದೆ ಎಂಬುದು ಖಾತ್ರಿಯಿರುತ್ತದೆ. ಗಡುವಿಲ್ಲದ 3,800 ಸಾಲಿನ ಮುಂದಿನ ಮೌನ ಸಮ್ಮತಿಯೂ ಅಲ್ಲ, ವಿರೋಧವೂ ಅಲ್ಲ. ಓದಲು ಒಂದು ಇಡೀ ಭಾನುವಾರ ಬೇಕು, ಆ ಭಾನುವಾರ ಸಿಕ್ಕಿಲ್ಲ, ಅಷ್ಟೇ. ಅಪಾಚೆಯ ಇನ್ನೊಂದು ನಿಯಮವೂ ನಿಮಗೆ ಉಪಯೋಗಕ್ಕೆ ಬರುತ್ತದೆ. ಕೋಡ್ ಬದಲಾವಣೆಯನ್ನು ಅಧಿಕಾರವುಳ್ಳ ಒಬ್ಬ ಸದಸ್ಯರೇ ವೀಟೊ ಮಾಡಿ ತಡೆಯಬಹುದು, ಆದರೆ ತಾಂತ್ರಿಕ ಕಾರಣ ಕೊಡಲೇಬೇಕು. ಕಾರಣವಿಲ್ಲದ ವೀಟೊ ಲೆಕ್ಕಕ್ಕಿಲ್ಲ. ‘ಡೇಟಾ ಹಾಳಾಗುತ್ತದೆ’ ಎನ್ನುವುದು ಇನ್ನೂ ಕಾರಣದ ರೂಪಕ್ಕೆ ಬಂದಿಲ್ಲ. ಆದರೆ ಅದರ ಹಿಂದೆ ಗಟ್ಟಿಯಾದ ಕಾರಣವಿದೆ. ನಿಮ್ಮ ಬದಲಾವಣೆಯನ್ನೇ ಹತ್ತಿರದಿಂದ ನೋಡಿದರೆ ಅದು ಕಾಣುತ್ತದೆ.

‘ಕೋ’ ಎಂಬ ಒಂದಕ್ಷರ ತೆಗೆದುಕೊಳ್ಳಿ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ (ಕೋಡ್‌ಪಾಯಿಂಟ್) ಕೊಡುವ ಯೂನಿಕೋಡ್‌ನಲ್ಲಿ ಇದನ್ನು ಕಕಾರ ಮತ್ತು ಓಕಾರದ ಗುರುತು ಎಂದು ಎರಡು ಕೋಡ್‌ಪಾಯಿಂಟಿನಲ್ಲಿ ಇಡಬಹುದು. ಕಕಾರ, ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು ಎಂದು ನಾಲ್ಕರಲ್ಲೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಎನ್‌ಎಫ್‌ಸಿ ಎಂಬ ಯೂನಿಕೋಡ್ ನಿಯಮ ನಾಲ್ಕನ್ನು ಎರಡಕ್ಕೆ ಇಳಿಸುತ್ತದೆ. ಅರ್ಥ ಕೆಡುವುದಿಲ್ಲ, ಉದ್ದ ಕಡಿಮೆಯಾಗುತ್ತದೆ. ನಿಘಂಟಿನವರು ‘ಈ ವಾಕ್ಯದ 12ನೇ ಸ್ಥಾನದಿಂದ 17ನೆಯದರವರೆಗೆ ನಾಮಪದ’ ಎಂದು ಗುರುತು ಹಾಕಿಟ್ಟಿದ್ದರೆ, ಅದಕ್ಕೂ ಮೊದಲು ಇಂಥ ಒಂದು ‘ಕೋ’ ಬಂದಿದ್ದರೆ ಸಾಕು, ಮುಂದಿನ ಗುರುತುಗಳೆಲ್ಲ ಎರಡೆರಡು ಸ್ಥಾನ ಪಕ್ಕಕ್ಕೆ ಸರಿಯುತ್ತವೆ. ಪ್ರೋಗ್ರಾಮ್ ದೋಷ ತೋರಿಸುವುದಿಲ್ಲ, ತಪ್ಪು ಪದಕ್ಕೆ ಗುರುತು ಅಂಟಿಸಿಕೊಂಡು ಹೋಗುತ್ತದೆ. ಇನ್ನು ಡೇಟಾಬೇಸಿನಲ್ಲಿ ಪದವೇ ಕೀ ಆಗಿದ್ದರೆ, ಎರಡು ರೂಪದಲ್ಲಿದ್ದ ಎರಡು ನಮೂದು ಒಂದೇ ಆಗಿ ‘ಡೂಪ್ಲಿಕೇಟ್ ಕೀ’ ಎಂದು ಅಪ್‌ಡೇಟ್ ನಡುವೆಯೇ ನಿಂತುಬಿಡುತ್ತದೆ.

ಜಾಯ್ನರ್ ಕಥೆ ಇನ್ನೂ ಸೂಕ್ಷ್ಮ. ‘ರ‍್ಯಾಂಕ್’ ಎಂದು ಬರೆಯಲು ರಕಾರ ಮತ್ತು ಹಲಂತದ ನಡುವೆ ಕಾಣದ ಜಾಯ್ನರ್ ಬೇಕು. ತೆಗೆದರೆ ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗುತ್ತದೆ. ಹಳೆಯ ಪಠ್ಯಗಳಲ್ಲಿ ಇದೇ ಜಾಯ್ನರ್ ಹಲಂತದ ನಂತರ ಇರುವುದೂ ಉಂಟು. ಅಕ್ಷರಗಳನ್ನು ತೆರೆಯ ಮೇಲೆ ಜೋಡಿಸುವ ಹಾರ್ಫ್‌ಬಜ್‌ನಂಥ ರೆಂಡರಿಂಗ್ ಎಂಜಿನ್ ಎರಡು ಕ್ರಮವನ್ನೂ ಒಂದೇ ರೀತಿ ತೋರಿಸುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಎನ್‌ಎಫ್‌ಸಿ ಜಾಯ್ನರ್‌ಗಳ ತಂಟೆಗೇ ಹೋಗುವುದಿಲ್ಲ. ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ನಾನ್-ಜಾಯ್ನರ್ ತೆಗೆದರೆ ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗುತ್ತದೆ; ನಿಮ್ಮ ಬಡಾವಣೆಯ ರಾಜ್‌ಕುಮಾರ್ ರಸ್ತೆ ‘ರಾಜ್ಕುಮಾರ್ ರಸ್ತೆ’ ಆಗುತ್ತದೆ. ಹುಡುಕಾಟಕ್ಕೆ ಇದು ಸರಿ. ಮುದ್ರಣಕ್ಕೆ ಹೋಗುವ ನಿಘಂಟಿಗೆ ಖಂಡಿತ ಸರಿಯಲ್ಲ.

ಅಂದರೆ ನೀವು ಒಂದೇ ಎಂದುಕೊಂಡು ಕಳಿಸಿದ್ದರಲ್ಲಿ ಮೂರು ಬದಲಾವಣೆಗಳಿವೆ: ಎನ್‌ಎಫ್‌ಸಿಗೆ ತರುವುದು, ಜಾಯ್ನರ್ ಕ್ರಮವನ್ನು ಒಂದು ಮಾಡುವುದು, ಜಾಯ್ನರ್‌ಗಳನ್ನು ಕಿತ್ತುಹಾಕುವುದು. ಮೊದಲನೆಯದಕ್ಕೆ ಯೂನಿಕೋಡ್ ನಿಯಮದ ಆಧಾರವಿದೆ, ಅಪಾಯ ಉದ್ದದ್ದು ಮತ್ತು ಡೂಪ್ಲಿಕೇಟ್ ಕೀಯದ್ದು ಮಾತ್ರ. ಎರಡನೆಯದು ತಕ್ಕಮಟ್ಟಿಗೆ ಸುರಕ್ಷಿತ. ಮೂರನೆಯದು ಮರಳಿ ಬಾರದ ನಷ್ಟ. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ಮೂರನೆಯದರ ಮೇಲಿನ ಆಕ್ಷೇಪ ಮೊದಲೆರಡನ್ನೂ ನಿಲ್ಲಿಸಿದೆ. ದೊಡ್ಡ ಪ್ರಸ್ತಾವಗಳು ಸಾಯುವುದು ಹೆಚ್ಚಾಗಿ ಹೀಗೆಯೇ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ನಿಮ್ಮ ಮೂಲ ತೊಂದರೆ ‘ಹುಡುಕಾಟ ತಪ್ಪುತ್ತದೆ’ ಎಂಬುದು. ಅದಕ್ಕೆ ಮೂಲ ಪಠ್ಯವನ್ನೇ ಬದಲಿಸಬೇಕೇ? ಪಠ್ಯವನ್ನು ಇದ್ದಂತೆ ಬಿಟ್ಟು, ಹೋಲಿಕೆಗೆಂದೇ ಪ್ರತ್ಯೇಕ ಹುಡುಕು-ಕೀ ಹುಟ್ಟಿಸುವ ಫಂಕ್ಷನ್ ಸೇರಿಸಿದರೆ ಮೂರನೆಯ ಬದಲಾವಣೆಯ ಅಗತ್ಯವೇ ಉಳಿಯುವುದಿಲ್ಲ. ಕೀ ಒಳಗೆ ಎಷ್ಟು ಬೇಕಾದರೂ ಜಾಯ್ನರ್ ಕಿತ್ತುಹಾಕಿ, ಯಾರೂ ಅದನ್ನು ಮುದ್ರಿಸುವುದಿಲ್ಲ. ತೊಂದರೆಯನ್ನು ಮುಂದಿಡುವ ಬದಲು ಪರಿಹಾರವನ್ನೇ ನೇರ ಮುಂದಿಟ್ಟರೆ ಇಂಥ ದಾರಿ ಯಾರಿಗೂ ಹೊಳೆಯುವುದಿಲ್ಲ. ಚರ್ಚೆ ‘ಬೇಕು’, ‘ಬೇಡ’ಗಳ ನಡುವೆ ಎಳೆದಾಡುತ್ತದೆ.

ಸಿದ್ಧ ಕೋಡನ್ನೇ ಪ್ರಸ್ತಾವವಾಗಿ ಕಳಿಸುವ ಅಭ್ಯಾಸದ ತೊಡಕೂ ಇಲ್ಲೇ ಇದೆ. ‘ಮಾತು ಬೇಡ, ಕೋಡ್ ತೋರಿಸು’ ಎನ್ನುವುದು ಸಣ್ಣ ದೋಷಗಳ ಮಟ್ಟಿಗೆ ಸರಿ. ದೊಡ್ಡ ಬದಲಾವಣೆಯಲ್ಲಿ ಅದು ಎರಡು ರೀತಿ ತಿರುಗುಬಾಣವಾಗುತ್ತದೆ. ಓದುವವರು ಕೋಡಿನಿಂದ ಉದ್ದೇಶವನ್ನು ಹಿಂದಕ್ಕೆ ಲೆಕ್ಕಹಾಕಬೇಕಾಗುತ್ತದೆ. ಮತ್ತೆ, ‘ಪಾಪ, ಇಷ್ಟು ಕಷ್ಟಪಟ್ಟು ಬರೆದಿದ್ದಾರೆ, ಬುಡದಿಂದಲೇ ತಪ್ಪು ಎನ್ನುವುದು ಹೇಗೆ’ ಎಂಬ ದಾಕ್ಷಿಣ್ಯಕ್ಕೆ ಸುಮ್ಮನಾಗುತ್ತಾರೆ. ನಮ್ಮ ಕಡೆ ಈ ದಾಕ್ಷಿಣ್ಯ ಸ್ವಲ್ಪ ಜಾಸ್ತಿಯೇ. ಅದರ ಕೆಳಗೆ ಇನ್ನೊಂದು ಲೆಕ್ಕವಿದೆ: ಬರೆದವರಿಗೆ ಶ್ರಮ ಒಂದು ಸಲ, ಮೇಂಟೇನರ್‌ಗೆ ಅದರ ದೋಷಗಳ ಉಸಾಬರಿ ವರ್ಷಗಟ್ಟಲೆ. ‘ತುಂಬಾ ದೊಡ್ಡದಾಯಿತು’ ಎಂಬ ಮಾತಿನಲ್ಲಿ ಸಾಲುಗಳ ಎಣಿಕೆಗಿಂತ ಆ ಉಸಾಬರಿಯ ಭಯ ಹೆಚ್ಚು.

ಹಾಗಾದರೆ ಮುಂದಿನ ಕ್ರಮ ಏನು? ಮೊದಲು ತೀರ್ಮಾನಿಸುವವರು ಯಾರೆಂದು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಕೋಡ್ ಇಟ್ಟಿರುವ ರೆಪೊಸಿಟರಿಯಲ್ಲಿ ಆಡಳಿತದ ಬಗ್ಗೆ ಫೈಲ್ ಇದೆಯೇ ನೋಡಿ. ಇಲ್ಲದಿದ್ದರೆ ಇಬ್ಬರು ಮೇಂಟೇನರ್‌ಗಳನ್ನೂ ಕೇಳಿ: ‘ಈ ಪ್ರಸ್ತಾವದ ಬಗ್ಗೆ ಕೊನೆಯ ಮಾತು ನಿಮ್ಮಿಬ್ಬರದ್ದು ಎಂದುಕೊಳ್ಳಲೇ? ಇಬ್ಬರಿಗೂ ಭಿನ್ನಾಭಿಪ್ರಾಯವಾದರೆ ಇದ್ದದ್ದು ಇದ್ದಂತೆ ಉಳಿಯುತ್ತದೆ ಎಂದುಕೊಳ್ಳಲೇ?’ ಎರಡನೆಯ ಪ್ರಶ್ನೆ ಮುಖ್ಯ. ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐಗೆ ರಿಲೀಸ್ ಏರಿಸುವ ಅಧಿಕಾರ ಯಾರ ಖಾತೆಯಲ್ಲಿದೆ ಎಂಬುದನ್ನೂ ತಿಳಿದುಕೊಳ್ಳಿ. ಮರ್ಜ್ ಆಗಿಯೂ ರಿಲೀಸ್ ಆಗದ ಬದಲಾವಣೆಗಳಿಗೆ ಲೆಕ್ಕವಿಲ್ಲ. ತೀರ್ಮಾನ ಹೇಳುವವರ ಮೇಲೆ ಬೀಳುವ ಭಾರವೂ ಗೊತ್ತಿರಲಿ: ಪೈಥಾನ್‌ನಲ್ಲಿ ಪಿಇಪಿ (ಪೈಥಾನ್‌ನ ಪ್ರಸ್ತಾವದ ದಾಖಲೆ) 572ರ ‘ವಾಲ್ರಸ್’ ಆಪರೇಟರ್ ಎಂಬ ಹೊಸ ಚಿಹ್ನೆಯ ಬಗ್ಗೆ ನಡೆದ ಜಗ್ಗಾಟ ಮುಗಿದ ಬೆನ್ನಲ್ಲೇ, 2018ರ ಜುಲೈನಲ್ಲಿ, ಭಾಷೆಯ ಜನಕ ಗಿಡೊ ವಾನ್ ರೋಸಮ್ ಕೊನೆಯ ಮಾತು ಹೇಳುವ ಹೊಣೆಯಿಂದಲೇ ಕೆಳಗಿಳಿದರು. ಆಮೇಲೆ ಐವರ ಸ್ಟೀರಿಂಗ್ ಕೌನ್ಸಿಲ್ ಬಂತು. ಪ್ರಸ್ತಾವವನ್ನು ಗಿಡೊ ಒಪ್ಪಿಕೊಂಡಿದ್ದರು ಎಂಬುದು ಗಮನಿಸಬೇಕಾದ ವಿಷಯ. ದಣಿಸಿದ್ದು ಫಲಿತಾಂಶವಲ್ಲ, ಅಲ್ಲಿಗೆ ತಲುಪಿದ ದಾರಿ.

ನಂತರ ಹತ್ತು ಹದಿನೈದು ಸಾಲಿನ ಇಶ್ಯೂ (ತೊಂದರೆಯನ್ನು ಚರ್ಚೆಗೆ ದಾಖಲಿಸುವ ಪುಟ) ತೆರೆಯಿರಿ. ಅದರಲ್ಲಿ ಪರಿಹಾರದ ಸುಳಿವೂ ಬೇಡ. ಯಾವ ಪದ, ಯಾವ ಕೀಬೋರ್ಡಿನಲ್ಲಿ ಯಾವ ಕೋಡ್‌ಪಾಯಿಂಟ್ ಬಂತು, ಹುಡುಕಾಟ ಎಲ್ಲಿ ತಪ್ಪಿತು, ಮೂರು ಉದಾಹರಣೆ ಸಾಕು. ‘ಇದು ತೊಂದರೆ ಹೌದೇ?’ ಎಂಬ ಒಂದೇ ಪ್ರಶ್ನೆ. ಇದಕ್ಕೆ ಹೌದು ಎಂದವರು ಆಮೇಲೆ ಪರಿಹಾರ ಹುಡುಕುವಾಗ ನಿಮ್ಮ ಜೊತೆಯಲ್ಲಿರುತ್ತಾರೆ, ಎದುರಿಗಲ್ಲ.

ಪ್ರಸ್ತಾವದ ಬರಹ ಎರಡರಿಂದ ನಾಲ್ಕು ಪುಟ ಮೀರದಿರಲಿ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರ ಆರ್‌ಎಫ್‌ಸಿ (ಪ್ರಸ್ತಾವದ ಬರಹ) ನಮೂನೆ ಒಳ್ಳೆಯ ಮಾದರಿ. ಸಾರಾಂಶ, ಉದ್ದೇಶ, ಬಳಸುವವರಿಗೆ ಅರ್ಥವಾಗುವ ವಿವರಣೆ, ತಾಂತ್ರಿಕ ವಿವರಣೆ, ಅನನುಕೂಲಗಳು, ಪರ್ಯಾಯಗಳು, ಬೇರೆಡೆ ಹೇಗೆ ಮಾಡಿದ್ದಾರೆ, ಬಗೆಹರಿಯದ ಪ್ರಶ್ನೆಗಳು ಎಂದು ವಿಭಾಗಗಳಿವೆ. ಅನನುಕೂಲ ಎಂಬ ಭಾಗವನ್ನು ಜನ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನೀವು ಅಲ್ಲೇ ಹೆಚ್ಚು ಹೊತ್ತು ಕೂರಿ. ಸ್ಥಾನಗಳು ಸರಿಯುವುದನ್ನೂ ಡೂಪ್ಲಿಕೇಟ್ ಕೀಯನ್ನೂ ಧಾರವಾಡದವರು ಹೇಳುವ ಮೊದಲು ನೀವೇ, ಅವರಿಗಿಂತ ಚೆನ್ನಾಗಿ ಬರೆದರೆ ಚರ್ಚೆಯ ಧಾಟಿಯೇ ಬದಲಾಗುತ್ತದೆ. ಪರ್ಯಾಯಗಳಲ್ಲಿ ‘ಏನೂ ಮಾಡದೆ ಬಿಡುವುದು’ ಎಂಬುದೂ ಇರಲಿ, ಅದರ ಬೆಲೆ ಎಷ್ಟು ಎಂಬುದೂ ಇರಲಿ. ‘ಈ ಪ್ರಸ್ತಾವದ ವ್ಯಾಪ್ತಿಗೆ ಬಾರದ್ದು’ ಎಂದು ನಾಲ್ಕು ಸಾಲು ಸೇರಿಸಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್ ಕೋಡಿಂಗನ್ನು ಯೂನಿಕೋಡ್‌ಗೆ ತರುವ ಚರ್ಚೆಯನ್ನು ಯಾರಾದರೂ ಖಂಡಿತ ಎಳೆದು ತರುತ್ತಾರೆ. ಕೆಲಸ ಯಾರು ಮಾಡುತ್ತಾರೆ, ರಿಲೀಸ್ ಆದ ಮೇಲೆ ಒಂದು ವರ್ಷ ದೋಷಗಳನ್ನು ನೋಡಿಕೊಳ್ಳುವವರು ಯಾರು ಎಂದೂ ಹೆಸರು ಸಮೇತ ಬರೆಯಿರಿ. ‘ತುಂಬಾ ದೊಡ್ಡದು’ ಎಂದವರಿಗೆ ಅದೇ ಉತ್ತರ.

ಈ ಬದಲಾವಣೆ ನಿಮ್ಮ ಕಂಪನಿಯ ಯಾವುದಾದರೂ ಪ್ರಾಡಕ್ಟಿಗೆ ಬೇಕಾಗಿದ್ದರೆ ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ನಾಲ್ಕನೇ ವಾರ ಯಾರೋ ಕಂಡುಹಿಡಿದರೆ ತಾಂತ್ರಿಕ ವಾದ ಎಷ್ಟೇ ಸರಿಯಿದ್ದರೂ ನಂಬಿಕೆ ಹೋಗುತ್ತದೆ. ಉದ್ಯೋಗ ಒಪ್ಪಂದದಲ್ಲಿ ನೀವು ಬರೆದ ಕೋಡಿನ ಹಕ್ಕು ಯಾರದ್ದೆಂಬ ಷರತ್ತನ್ನೂ ಒಮ್ಮೆ ಓದಿ. ಬೆಂಗಳೂರಿನ ಐಟಿ ಒಪ್ಪಂದಗಳಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಕಂಪನಿಯ ಲಿಖಿತ ಅನುಮತಿ ಇಲ್ಲದೆ ಇಷ್ಟು ದೊಡ್ಡ ಕೊಡುಗೆ ಕೊಟ್ಟರೆ ಮುಂದೆ ತೊಂದರೆ ಪ್ರಾಜೆಕ್ಟಿಗೂ ತಟ್ಟುತ್ತದೆ.

ದಿನಾಂಕಗಳನ್ನು ಪ್ರಸ್ತಾವದ ತಲೆಯಲ್ಲೇ ಹಾಕಿ. ಸ್ವಯಂಸೇವಕರ ಪ್ರಾಜೆಕ್ಟಿಗೆ ಮೂರರಿಂದ ನಾಲ್ಕು ವಾರ ಚರ್ಚೆ, ಆಮೇಲೆ ಬರಹವನ್ನು ಬದಲಿಸದೆ ಹತ್ತು ದಿನದ ಕೊನೆಯ ಕರೆ. ರಸ್ಟ್‌ನಲ್ಲೂ ಕೊನೆಯ ಅಭಿಪ್ರಾಯದ ಅವಧಿ ಹತ್ತು ದಿನವೇ. ಎರಡು ವಾರಾಂತ್ಯ ಸಿಗುವಂತಿರಲಿ, ದಸರಾ ರಜೆಯೊಳಗೆ ಬೀಳದಿರಲಿ. ಕೊನೆಯ ಕರೆಯಲ್ಲಿ ಹೊಸ, ಗಟ್ಟಿ ಆಕ್ಷೇಪ ಬಂದರೆ ಅವಧಿ ರದ್ದು ಮಾಡಿ ಮತ್ತೆ ಶುರುಮಾಡಿ. ಗಡುವು ಇರುವುದು ಆಕ್ಷೇಪಗಳನ್ನು ಹೊರತರಲು, ಬಾಯಿ ಮುಚ್ಚಿಸಲು ಅಲ್ಲ.

ಚರ್ಚೆ ನಡೆಯುವಾಗ ಪ್ರಸ್ತಾವದ ಕೊನೆಯಲ್ಲಿ ಆಕ್ಷೇಪಗಳ ಕೋಷ್ಟಕ ಇಟ್ಟುಕೊಳ್ಳಿ: ಆಕ್ಷೇಪ ಏನು, ಯಾರದ್ದು, ಉತ್ತರ ಏನು, ಬರಹದಲ್ಲಿ ಏನು ಬದಲಾಯಿತು. ಆಕ್ಷೇಪವನ್ನು ನಿಮ್ಮ ಮಾತಿನಲ್ಲಿ ಬರೆದು ‘ನೀವು ಹೇಳಿದ್ದು ಇದೇ ತಾನೇ?’ ಎಂದು ಅವರಿಂದಲೇ ಖಚಿತಪಡಿಸಿಕೊಳ್ಳಿ. ಅರ್ಧ ಜಗಳ ಅಲ್ಲೇ ಕರಗುತ್ತದೆ. ಎಂಬತ್ತು ಕಾಮೆಂಟುಗಳ ಸರಣಿಯನ್ನು ಯಾರೂ ಮೊದಲಿಂದ ಓದುವುದಿಲ್ಲ, ಕೋಷ್ಟಕವನ್ನು ಓದುತ್ತಾರೆ. ಆಪ್ಷನ್ನಿನ ಹೆಸರು ಏನಿರಬೇಕು ಎಂಬ ಬಗ್ಗೆ ಮಾತ್ರ ಎಲ್ಲರೂ ಉತ್ಸಾಹದಿಂದ ಮಾತನಾಡುತ್ತಾರೆ, ಏಕೆಂದರೆ ಅದಕ್ಕೆ ಏನೂ ಓದಬೇಕಿಲ್ಲ. ‘ಹೆಸರು ಕೊನೆಯ ವಾರ ತೀರ್ಮಾನಿಸೋಣ’ ಎಂದು ಬದಿಗಿಡಿ.

ನಿಮ್ಮ ತಿಂಗಳ ಭೇಟಿಯ ಬಗ್ಗೆ ಒಂದು ಮಾತು. ಐದಾರು ಜನ ಒಂದೇ ಮೇಜಿನ ಸುತ್ತ ಕಾಫಿ ಕುಡಿಯುತ್ತಾ ಮಾತನಾಡಿದರೆ ಅರ್ಧ ಗಂಟೆಯಲ್ಲಿ ಎಲ್ಲ ಸಲೀಸು ಅನಿಸುತ್ತದೆ. ಧಾರವಾಡದಲ್ಲೋ ಮಂಗಳೂರಿನಲ್ಲೋ ಕೂತವರಿಗೆ ಅದು ‘ಬೆಂಗಳೂರಿನವರು ತೀರ್ಮಾನಿಸಿಕೊಂಡು ಬಂದಿದ್ದಾರೆ’ ಎಂದು ಕಾಣುತ್ತದೆ. ಮಾತನಾಡಬೇಡಿ ಎಂದಲ್ಲ. ಅಲ್ಲಿ ಆದದ್ದನ್ನು ಅದೇ ದಿನ ರಾತ್ರಿ ಇಶ್ಯೂನಲ್ಲಿ ಬರೆಯಿರಿ, ‘ತೀರ್ಮಾನಿಸಿದೆವು’ ಎನ್ನದೆ ‘ಹೀಗೆ ಅನಿಸಿತು, ಕಾರಣ ಇದು, ನಿಮ್ಮ ಅಭಿಪ್ರಾಯ?’ ಎಂದು. ವಾಟ್ಸ್ಆ್ಯಪ್ ಗುಂಪಿನ ಮಾತಿಗೂ ಇದೇ ನಿಯಮ. ಬರೆದು ಎಲ್ಲರಿಗೂ ಕಾಣುವಂತೆ ಇಡದ ತೀರ್ಮಾನ ಆಗಿಯೇ ಇಲ್ಲ ಎನ್ನುವುದು ಅಪಾಚೆಯವರ ಹಳೆಯ ಕಟ್ಟಳೆ.

ಈಗ ಕೋಡು. 3,800 ಸಾಲನ್ನು ಹರಿದು ಹಂಚಬೇಕು. ನಡವಳಿಕೆ ಬದಲಿಸದ ಒಳ ಜೋಡಣೆಯ ಕೆಲಸ ಮೊದಲ ಪುಲ್ ರಿಕ್ವೆಸ್ಟ್. ಇದಕ್ಕೆ ಯಾರ ಒಪ್ಪಿಗೆಯೂ ಕಷ್ಟವಲ್ಲ. ಎರಡನೆಯದು ಬರೀ ಟೆಸ್ಟುಗಳು: ‘ಕೋ’ದ ಎರಡು ರೂಪ, ‘ರ‍್ಯಾಂಕ್’ನ ಎರಡು ಕ್ರಮ, ‘ಸಾಫ್ಟ್‌ವೇರ್’. ಈಗಿನ ಲೈಬ್ರರಿ ಏನು ಮಾಡುತ್ತದೋ ಅದನ್ನೇ ದಾಖಲಿಸಿ, ಸರಿಯೋ ತಪ್ಪೋ ಎನ್ನಬೇಡಿ. ಮೂರನೆಯದು ಹುಡುಕು-ಕೀ ಫಂಕ್ಷನ್. ನಾಲ್ಕನೆಯದು ಎನ್‌ಎಫ್‌ಸಿ ಮತ್ತು ಜಾಯ್ನರ್ ಕ್ರಮಕ್ಕೆ ಒಂದು ಆಪ್ಷನ್, ಡೀಫಾಲ್ಟ್ ಆಗಿ ಆಫ್. ಪ್ರತಿಯೊಂದೂ 300-400 ಸಾಲಿನೊಳಗೆ ಇದ್ದರೆ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಡೀಫಾಲ್ಟ್ ಬದಲಿಸುವುದು ಕೊನೆಯ ಹೆಜ್ಜೆ. ಆ ಪುಲ್ ರಿಕ್ವೆಸ್ಟ್ ಹತ್ತು ಸಾಲಿನದ್ದಾಗಿರುತ್ತದೆ. ನಿಜವಾದ ವಿವಾದ ಇರುವುದೂ ಆ ಹತ್ತು ಸಾಲಿನಲ್ಲೇ.

ಅಲ್ಲಿಗೆ ಹೋಗುವ ಮುನ್ನ ಎಚ್ಚರಿಕೆಯ ಅವಧಿ ಬೇಕು. ಪೈಥಾನ್ ತನ್ನದೇ ನಿಯಮದಲ್ಲಿ, ಪಿಇಪಿ 387ರಲ್ಲಿ, ಹೊಂದಾಣಿಕೆ ಮುರಿಯುವ ಬದಲಾವಣೆಗೆ ಕನಿಷ್ಠ ಎರಡು ಆವೃತ್ತಿಗಳಲ್ಲಿ ಎಚ್ಚರಿಕೆ ತೋರಿಸಬೇಕು ಎನ್ನುತ್ತದೆ. ನಿಮಗೆ ಎರಡು ರಿಲೀಸ್ ಅಥವಾ ಆರು ತಿಂಗಳು, ಯಾವುದು ಹೆಚ್ಚೋ ಅದು. ಇಲ್ಲೊಂದು ಹಳ್ಳ ಇದೆ: ‘ಇದು ಮುಂದೆ ಹೋಗಲಿದೆ’ ಎನ್ನುವ ಡೆಪ್ರಿಕೇಶನ್‌ವಾರ್ನಿಂಗ್ ಪೈಥಾನ್‌ನಲ್ಲಿ ಸಾಮಾನ್ಯವಾಗಿ ಮುಚ್ಚಿಹೋಗಿರುತ್ತದೆ, ನೇರವಾಗಿ ಓಡಿಸಿದ ಮುಖ್ಯ ಸ್ಕ್ರಿಪ್ಟಿನಿಂದ ಹುಟ್ಟಿದರೆ ಮಾತ್ರ ಕಾಣುತ್ತದೆ. ನಿಮ್ಮ ಲೈಬ್ರರಿಯನ್ನು ಇನ್ನೊಂದು ಲೈಬ್ರರಿ ಕರೆಯುವಾಗ ಅದು ಯಾರ ಕಣ್ಣಿಗೂ ಬೀಳದು, ಆರು ತಿಂಗಳ ಎಚ್ಚರಿಕೆ ನೀರಿನಲ್ಲಿ ಹೋಮ. ಬಳಕೆದಾರರಿಗೆ ಕಾಣಬೇಕಾದದ್ದಕ್ಕೆ ಫ್ಯೂಚರ್‌ವಾರ್ನಿಂಗ್ ಬಳಸಿ, ಸ್ಟ್ಯಾಕ್‌ಲೆವೆಲ್ 2 ಕೊಡಿ. ಆಗ ಎಚ್ಚರಿಕೆ ನಿಮ್ಮ ಫೈಲಿನ ಬದಲು ಕರೆದವರ ಸಾಲನ್ನು ತೋರಿಸುತ್ತದೆ. ಆಪ್ಷನ್ನನ್ನು ಆನ್ ಅಥವಾ ಆಫ್ ಎಂದು ಸ್ಪಷ್ಟವಾಗಿ ಬರೆದವರಿಗೆ ಎಚ್ಚರಿಕೆ ಬರಲೇಬಾರದು, ಇಲ್ಲದಿದ್ದರೆ ಜನ ಎಲ್ಲ ಎಚ್ಚರಿಕೆಗಳನ್ನೂ ಮುಚ್ಚಿಡುವ ಅಭ್ಯಾಸ ಮಾಡಿಕೊಳ್ಳುತ್ತಾರೆ.

ಒಂದೇ ಏಟಿಗೆ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಪೈಥಾನ್ 3ಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಅಲ್ಲಿಯೂ ತಿರುಳು ಪಠ್ಯದ್ದೇ: ಪಠ್ಯ ಬೇರೆ, ಬೈಟ್ ಬೇರೆ ಎಂದು ಗೆರೆ ಎಳೆದರು. ಗೆರೆ ಸರಿಯಾಗಿಯೇ ಇತ್ತು. 3.0 ಬಂದದ್ದು 2008ರ ಡಿಸೆಂಬರ್‌ನಲ್ಲಿ, ಪೈಥಾನ್ 2ಕ್ಕೆ ವಿದಾಯ ಹೇಳಿದ್ದು 2020ರ ಜನವರಿ 1ಕ್ಕೆ. ಹನ್ನೊಂದು ವರ್ಷ. ಒಂದೇ ಕೋಡ್ ಎರಡೂ ಕಡೆ ಓಡುವ ದಾರಿ ಮೊದಲು ಕಿರಿದಾಗಿತ್ತು. ತೆಗೆದುಹಾಕಿದ್ದ ಹಳೆಯ ಯೂನಿಕೋಡ್ ಸ್ಟ್ರಿಂಗ್ ಗುರುತನ್ನು 2012ರ 3.3ರಲ್ಲಿ ಮರಳಿ ಸೇರಿಸಿದ್ದು ಆ ಕಾರಣಕ್ಕೇ. ಹಳೆಯದೂ ಹೊಸದೂ ಜೊತೆಯಾಗಿ ಬದುಕುವ ಅವಧಿಯನ್ನು ಯೋಜನೆಯಲ್ಲೇ ಇಟ್ಟುಕೊಳ್ಳಿ.

ಪರಿಣಾಮವನ್ನು ಊಹಿಸಬೇಡಿ, ಓಡಿಸಿ ನೋಡಿ. ನಿಮ್ಮ ಲೈಬ್ರರಿಯನ್ನು ಬಳಸುವ ಸಾರ್ವಜನಿಕ ಪ್ರಾಜೆಕ್ಟುಗಳನ್ನು ಗಿಟ್‌ಹಬ್‌ನ ಡಿಪೆಂಡೆಂಟ್ಸ್ ಪುಟದಲ್ಲಿ ಹುಡುಕಿ, ಅವುಗಳ ಟೆಸ್ಟುಗಳನ್ನು ನಿಮ್ಮ ಬ್ರಾಂಚಿನ (ಬದಲಾವಣೆಯಿರುವ ಪ್ರತಿಯ) ಮೇಲೆ ಓಡಿಸಿ, ಎಷ್ಟು ಮುರಿದವು ಎಂದು ಪ್ರಸ್ತಾವದಲ್ಲಿ ಹಾಕಿ. ಕನ್ನಡದ ಇಷ್ಟು ಚಿಕ್ಕ ಜಗತ್ತಿನಲ್ಲಿ ಇದು ಒಂದು ವಾರಾಂತ್ಯದ ಕೆಲಸ. ನಿಘಂಟಿನ ಡೇಟಾದಲ್ಲಿ ಒಂದು ಸಾವಿರ ಸಾಲು ಕೇಳಿ ಪಡೆದು, ಸ್ಥಾನಗಳನ್ನು ಹೊಸ ಉದ್ದಕ್ಕೆ ಹೊಂದಿಸುವ ಪುಟ್ಟ ಸ್ಕ್ರಿಪ್ಟ್ ನೀವೇ ಬರೆದುಕೊಡಿ. ವಲಸೆಯ ಖರ್ಚನ್ನು ಪ್ರಸ್ತಾವ ಮಾಡಿದವರೇ ಹೊತ್ತರೆ ಒಪ್ಪಿಗೆ ಬೇಗ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ‘ಬೇಡ’ ಎಂದರೆ? ಸಾಧ್ಯವಿದೆ. ಆಗ ಕಾರಣ ಸಮೇತ ‘ತಿರಸ್ಕೃತ’ ಎಂದು ಬರೆದು ಪ್ರಸ್ತಾವವನ್ನು ರೆಪೊಸಿಟರಿಯಲ್ಲೇ ಉಳಿಸಿ, ಯಾವ ಹೊಸ ಸಂಗತಿ ಬಂದರೆ ಮತ್ತೆ ತೆರೆಯಬಹುದು ಎಂದೂ ಸೇರಿಸಿ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದೋಷ ನಿರ್ವಹಣೆಗೆ ತಂದ ‘ಟ್ರೈ’ ಪ್ರಸ್ತಾವ 2019ರ ಜುಲೈನಲ್ಲಿ ಟೀಕೆಯ ಮಳೆಗೆ ಸಿಕ್ಕಾಗ ಅದನ್ನು ಮಂಡಿಸಿದ ತಂಡವೇ ಕೈಬಿಟ್ಟಿತು. ಅದೇ ಭಾಷೆಗೆ, ಒಂದೇ ಕೋಡನ್ನು ಹಲವು ಬಗೆಯ ಡೇಟಾಗೆ ಬಳಸುವ ಸೌಲಭ್ಯವಾದ ಜೆನೆರಿಕ್ಸ್ ಹಲವು ಕರಡು ಬಿದ್ದುಹೋದ ಮೇಲೆ 2022ರ ಮಾರ್ಚ್‌ನಲ್ಲಿ, 1.18ರಲ್ಲಿ ಬಂತು. ಮೇಂಟೇನರ್‌ಗಳಿಬ್ಬರೂ ಉತ್ತರವನ್ನೇ ಕೊಡದಿದ್ದರೆ ಅದು ಬೇರೆ ಕಾಯಿಲೆ. ಮೊದಲು ಸಣ್ಣ ದೋಷಗಳ ವಿಲೇವಾರಿಗೆ ಕೈಜೋಡಿಸಿ, ಮೂರನೇ ಮೇಂಟೇನರ್ ಆಗುವ ಬಗ್ಗೆ ನೇರವಾಗಿ ಕೇಳಿ.

ಪ್ಲಗಿನ್ ಅಥವಾ ಮೂಲ ಲೈಬ್ರರಿಯನ್ನು ಸುತ್ತುವರಿದು ಕೆಲಸ ಮಾಡುವ ಪ್ಯಾಕೇಜ್ ಇನ್ನೊಂದು ದಾರಿ: ನಿಮ್ಮ ಸಂಸ್ಕರಣೆಯನ್ನು ಪ್ರತ್ಯೇಕ ಪ್ಯಾಕೇಜಾಗಿ ಬಿಡುಗಡೆ ಮಾಡಿ, ಬೇಕಾದವರು ಹಾಕಿಕೊಳ್ಳುತ್ತಾರೆ. ಅಪಾಯವೆಂದರೆ ಮೂಲ ಲೈಬ್ರರಿಯ ಒಳಭಾಗ ಬದಲಾದಾಗೆಲ್ಲ ನಿಮ್ಮದು ಮುರಿಯುತ್ತದೆ. ಫೋರ್ಕ್ ಕೊನೆಯ ದಾರಿ, ಪಾಪವೇನಲ್ಲ. ಲಿನಕ್ಸ್‌ನಂಥ ಸಿಸ್ಟಮ್‌ಗಳಲ್ಲಿ ತೆರೆಯ ಮೇಲೆ ಕಿಟಕಿಗಳನ್ನು ಮೂಡಿಸುತ್ತಿದ್ದ ಎಕ್ಸ್‌ಫ್ರೀ86 2004ರಲ್ಲಿ ಲೈಸೆನ್ಸ್ ಬದಲಿಸಿದಾಗ ಜನ ಅದರ ಫೋರ್ಕ್ ಆದ ಎಕ್ಸ್.ಆರ್ಗ್ ಕಡೆ ಹೋದರು, ಮರಳಲಿಲ್ಲ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್‌ನಿಂದ 2014ರ ಕೊನೆಯಲ್ಲಿ ಒಡೆದ ಐಒ.ಜೆಎಸ್ 2015ರಲ್ಲಿ ಮತ್ತೆ ಕೂಡಿಕೊಂಡಿತು. ಎರಡರಲ್ಲೂ ಕೆಲಸ ಮಾಡುವವರ ದೊಡ್ಡ ಪಾಲು ಫೋರ್ಕಿನ ಕಡೆಗಿತ್ತು. ನಿಮ್ಮಲ್ಲಿ ಇರುವುದು ಹದಿನೈದು ಜನ. ಹೊಸ ಹೆಸರು, ರಿಲೀಸ್, ದಾಖಲೆ, ಮೂಲದಿಂದ ಬರುವ ತಿದ್ದುಪಡಿಗಳನ್ನು ಪ್ರತಿ ತಿಂಗಳೂ ತಂದು ಸೇರಿಸುವ ಕೆಲಸ, ಇವಕ್ಕೆ ಮೂರು ಜನ ಎರಡು ವರ್ಷ ನಿಲ್ಲುತ್ತಾರೆಯೇ ಎಂದು ಹೆಸರು ಹಿಡಿದು ಕೇಳಿ ನೋಡಿ. ಫೋರ್ಕ್ ಮಾಡುತ್ತೇನೆಂದು ಚರ್ಚೆಯ ನಡುವೆ ಹೆದರಿಸುವುದು ಮಾತ್ರ ಬೇಡ. ಆ ಮಾತು ಬಂದ ಮೇಲೆ ಯಾರೂ ಸಂದೇಹಗಳನ್ನು ಬಿಚ್ಚಿ ಹೇಳುವುದಿಲ್ಲ.

ಈ ವಾರ ಮಾಡಬೇಕಾದದ್ದು ಎರಡು. ಈಗಿನ ಪುಲ್ ರಿಕ್ವೆಸ್ಟನ್ನು ‘ಪ್ರಸ್ತಾವವಾಗಿ ಬಿಡಿಸಿ ಬರೆಯುತ್ತಿದ್ದೇನೆ, ಇದನ್ನು ಪ್ರಯೋಗದ ಬ್ರಾಂಚಾಗಿ ಉಳಿಸಿಕೊಳ್ಳುತ್ತೇನೆ’ ಎಂದು ಬರೆದು ನೀವೇ ಮುಚ್ಚಿ. ಮತ್ತೆ, ಇಶ್ಯೂ ತೆರೆಯುವ ಮೊದಲು ಧಾರವಾಡದ ಹಿರಿಯರಿಗೆ ನೇರವಾಗಿ ಬರೆಯಿರಿ, ಹೆಚ್ಚುಕಡಿಮೆ ಹೀಗೆ:

‘ನಮಸ್ಕಾರ ಸರ್. ನನ್ನ ಬದಲಾವಣೆಯಿಂದ ನಿಮ್ಮ ಡೇಟಾ ಹಾಳಾಗುತ್ತದೆ ಎಂದು ಹೇಳಿದ್ದಿರಿ. ಪದಗಳ ಸ್ಥಾನಗಳು ಸರಿಯುವುದು, ಎರಡು ನಮೂದು ಒಂದಾಗುವುದು, ಜಾಯ್ನರ್ ಹೋಗಿ ಮುದ್ರಣ ಕೆಡುವುದು, ಈ ಮೂರು ನನಗೆ ಕಾಣುತ್ತಿವೆ. ಬೇರೆ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ. ಜಾಯ್ನರ್ ತೆಗೆಯುವ ಭಾಗವನ್ನು ಪ್ರಸ್ತಾವದಿಂದ ಕೈಬಿಡುತ್ತಿದ್ದೇನೆ. ಉಳಿದದ್ದನ್ನು ಪರೀಕ್ಷಿಸಲು ನಿಮ್ಮ ಡೇಟಾದಿಂದ ಒಂದು ಸಾವಿರ ಸಾಲು ಕಳಿಸಲು ಆಗುತ್ತದೆಯೇ? ಫಲಿತಾಂಶ ಏನೇ ಬಂದರೂ ಪ್ರಸ್ತಾವದಲ್ಲಿ ಇದ್ದಂತೆಯೇ ಹಾಕುತ್ತೇನೆ.’